ಎರಡು ದಿನದ ಪಾಠ

ಬಾಗಿಲಿನ ಕೊನೆಯ ತಿರುಪನ್ನು ಆಬ್ದೊನ್ ಬಿಚ್ಚುತ್ತಿದ್ದಾಗಲೇ ಹೊರಗಿನಿಂದ ಯಾರೋ ಅದೇ ಬಾಗಿಲನ್ನು ತಟ್ಟಿದರು. ಇಕ್ಕಟ್ಟಾದ ಪಡಸಾಲೆಯಲ್ಲಿ ಶವಪೆಟ್ಟಿಗೆ ತಿರುಗದೆ ನಿಂತಿತ್ತು. ಬಾಗಿಲನ್ನೇ ಕಳಚದೆ ಬೇರೆ ದಾರಿಯಿರಲಿಲ್ಲ. ಅವನು ಅದನ್ನು ಎತ್ತಿ ಗೋಡೆಗೆ ಒರಗಿಸಿದ. ಹೊಸಲಿನಾಚೆ ಐದು ಜನ ಚೀಲ ಹಿಡಿದು ನಿಂತಿದ್ದರು.

"ಪುಸ್ತಕ ಕಟ್ಟೋದು ಕಲಿಸೋ ಜಾಗ ಇದೇ ಅಲ್ವಾ? ಇವತ್ತು, ನಾಳೆ?" ಮುಂದಿದ್ದ ದಪ್ಪ ಹೆಂಗಸು ಕೇಳಿದಳು. "ನಾನು ನಾರ್ಸಿಸಾ. ಲೋಹಾ ಅನ್ನೋ ಊರಿಂದ ಬರ್ತಿದೀನಿ. ಅಂಚೆ ಕಚೇರೀಲಿ ಕೆಲಸ."

"ಇದೇ. ಕಲಿಸೋರು ಮೊನ್ನೆ ತೀರಿಕೊಂಡ್ರು."

"ಸೊರಾಯ್ದಾ ಟೀಚರಾ?"

ಆಬ್ದೊನ್ ಪೆಟ್ಟಿಗೆಯ ಕಡೆ ತಲೆಯಾಡಿಸಿದ. ನಾರ್ಸಿಸಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಒಳಗೆ ಇಣುಕಿ ನೋಡಿದಳು. ಫೋಟೋ ಕಲಿಸುವ ಫ್ಲಾವಿಯೊ ಸೊಂಟ ಹಿಡಿದುಕೊಂಡು ನಿಂತಿದ್ದ. ಸತ್ತವಳ ತಂಗಿ ದೊಮಿತಿಲಾ ಕರಿ ಶಾಲು ಹೊದ್ದು ಕುಳಿತಿದ್ದಳು. ಬೇರೆ ಯಾರೂ ಇರಲಿಲ್ಲ.

"ಹಂಗಾದ್ರೆ ಹೊರೋರು ಯಾರು?" ಎಂದು ನಾರ್ಸಿಸಾ ಚೀಲ ಕೆಳಗಿಟ್ಟಳು.

"ಕೇಳಿದ್ರಾ?" ದೊಮಿತಿಲಾ ಕುಳಿತಲ್ಲಿಂದಲೇ ಹೇಳಿದಳು. "ಮೂವತ್ತು ವರ್ಷ ಕಲಿಸಿದ್ಲು. ಹೆಗಲು ಕೊಡೋಕೆ ಮುಖ ಪರಿಚಯ ಇಲ್ಲದವರೇ ಬರಬೇಕಾಯ್ತು. ಎರಡು ದಿನದ ನೆಂಟಸ್ತನ ಅಂದ್ರೆ ಇಷ್ಟೇ." ಆಮೇಲೆ ದನಿ ತಗ್ಗಿಸಿ, "ನೀವು ಹೆಗಲು ಕೊಡ್ತಿರೋದು ದೊಡ್ಡ ಗುಣ ಆಬ್ದೊನ್ ಮೇಷ್ಟ್ರೇ. ಅವಳು ನಿಮಗೆ ಮಾಡಿದ್ದಕ್ಕೆ ಬೇರೆಯವರಾಗಿದ್ರೆ ಈ ಕಡೆ ತಲೆ ಹಾಕ್ತಿರ್ಲಿಲ್ಲ" ಎಂದಳು.

ಆಬ್ದೊನ್ ಬಗ್ಗಿ ಪೆಟ್ಟಿಗೆಯ ಹಿಡಿ ಹಿಡಿದ.

*

ಕುಯೆಂಕಾ ಊರಿನ ಹೊಳೆದಂಡೆಯ ಆ ಹಳೇ ಮನೆಯಲ್ಲಿ ಮೂವರೂ ಶನಿವಾರ, ಭಾನುವಾರ ಪಾಠ ಹೇಳುತ್ತಿದ್ದರು: ಸೊರಾಯ್ದಾ ಪುಸ್ತಕ ಕಟ್ಟುವುದನ್ನು, ಫ್ಲಾವಿಯೊ ಫೋಟೋ ತೆಗೆಯುವುದನ್ನು, ಆಬ್ದೊನ್ ಮರಗೆಲಸವನ್ನು. ಬಂದವರು ಭಾನುವಾರ ಸಂಜೆ ತಾವೇ ಮಾಡಿದ್ದೊಂದನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದರು. ಮತ್ತೆ ಬರುತ್ತಿದ್ದವರು ಅಪರೂಪ.

ಹನ್ನೊಂದು ವರ್ಷದ ಹಿಂದೆ ಆಬ್ದೊನನ ಗರಗಸದ ಯಂತ್ರಕ್ಕೆ, ಕಲಿಯಲು ಬಂದಿದ್ದ ಒಬ್ಬ ಹುಡುಗಿಯ ಎರಡು ಬೆರಳು ಹೋದವು. ವಿಚಾರಣೆಗೆ ಬಂದ ಅಧಿಕಾರಿಗೆ ಅವನು, "ಹೇಳಿದ ಮಾತು ಕೇಳ್ಲಿಲ್ಲ ಸ್ವಾಮಿ, ಅವಳದೇ ತಪ್ಪು" ಎಂದ. ಅಧಿಕಾರಿ ಸೊರಾಯ್ದಾಳನ್ನು ಕೇಳಿದ. ಅವಳು ಕೈಗೆ ಮೆತ್ತಿದ್ದ ಅಂಟು ಒರೆಸಿಕೊಳ್ಳುತ್ತಾ, "ಗರಗಸದ ಮೇಲೆ ಬೆರಳು ಕಾಯೋ ತಗಡು ಇರ್ಲಿಲ್ಲ. ತಿಂಗಳಿಂದ ಇರ್ಲಿಲ್ಲ" ಎಂದಳು.

ಒಂದು ವರ್ಷ ಆ ಮನೆಗೆ ಬೀಗ ಬಿತ್ತು. ಜೊತೆಯವನಿಗೇ ದ್ರೋಹ ಬಗೆದಳು ಎಂದು ಕೇರಿಯವರು ಮಾತಾಡಿಕೊಂಡರು. ಬೀಗ ತೆಗೆದ ದಿನ ಆಬ್ದೊನ್ ದೊಡ್ಡ ಕೋಣೆಯಲ್ಲಿ ತನಗೂ ಅವಳಿಗೂ ನಡುವೆ ಹಲಗೆಯ ಗೋಡೆ ಎಬ್ಬಿಸಿದ. ಆಮೇಲೆ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಗರಗಸದ ಯಂತ್ರವನ್ನೂ ಮತ್ತೆ ಓಡಿಸಲಿಲ್ಲ.

*

ಸ್ಮಶಾನದಲ್ಲಿ ಗೋಡೆಯ ಗೂಡಿಗೆ ಪೆಟ್ಟಿಗೆ ತಳ್ಳಿ, ಅದರ ಬಾಯಿ ಮುಚ್ಚಲು ಗಾರೆಯವನು ಇಟ್ಟಿಗೆ ಕಟ್ಟತೊಡಗಿದ. ಪಾದ್ರಿ ಪ್ರಾರ್ಥನೆ ಮುಗಿಸಿ ಹೊರಟುಹೋದ.

"ಯಾರಾದ್ರೂ ಎರಡು ಮಾತು ಹೇಳಿ," ಎಂದಳು ದೊಮಿತಿಲಾ.

"ಒಳ್ಳೆಯವಳು," ಎಂದ ಫ್ಲಾವಿಯೊ.

"ಒಳ್ಳೆಯವಳೇ. ಬಾಯಿ ಒಂದು ಸುಮ್ನಿದ್ದಿದ್ರೆ. ಮೇಷ್ಟ್ರ ಮೇಲೆ ಸುಳ್ಳು ಹೇಳಿದ ಪಾಪಾನ ದೇವರು ಮನ್ನಿಸ್ಲಿ," ದೊಮಿತಿಲಾ ಎಂದಳು.

"ಸುಳ್ಳಲ್ಲ," ಎಂದ ಆಬ್ದೊನ್.

"ಏನಂದ್ರಿ?"

"ತಗಡು ನಾನೇ ಬಿಚ್ಚಿಟ್ಟಿದ್ದೆ. ಕೆಲಸ ಬೇಗ ಸಾಗ್ಲಿ ಅಂತ. ಆ ಹುಡುಗೀದೇ ತಪ್ಪು ಅಂದಿದ್ದು ನಾನು ಹೇಳಿದ ಸುಳ್ಳು."

ಗಾರೆಯವನ ಕೈ ನಿಂತಿತು. ದೊಮಿತಿಲಾ ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು.

"ಹನ್ನೊಂದು ವರ್ಷದಿಂದ ನಾನು ಅಕ್ಕನ ಮನೇಲಿ ಒಂದು ತುತ್ತು ತಿಂದಿಲ್ಲ. ನಿಮ್ಮ ಮಾತು ನಂಬಿ. ಈಗ ಹೇಳ್ತೀರಾ? ಇಟ್ಟಿಗೆ ಕಟ್ಟಿ ಮುಚ್ಚೋ ಹೊತ್ತಿಗೆ?"

ಗಾರೆಯವನು ಕೊನೆಯ ಇಟ್ಟಿಗೆ ಕೂರಿಸಿದ.

*

ಮನೆಗೆ ಮರಳಿದಾಗ ಮಧ್ಯಾಹ್ನ ಎರಡು. ಯಾರೋ ನೆರೆಯವರು ಬೇಯಿಸಿದ ಜೋಳ ತಂದಿಟ್ಟಿದ್ದರು. ತಿಂದಾದ ಮೇಲೂ ಕಲಿಯಲು ಬಂದಿದ್ದ ಐವರೂ ಎದ್ದು ಹೋಗಲಿಲ್ಲ.

"ನಮ್ಮ ಬಸ್ಸು ನಾಳೆ ಸಂಜೆಗೆ," ಎಂದಳು ನಾರ್ಸಿಸಾ, ತಪ್ಪು ಮಾಡಿದವಳಂತೆ.

ಆಬ್ದೊನ್ ಕೈ ತೊಳೆದು ಬಂದ. ಸೊರಾಯ್ದಾಳ ಮೇಜಿನ ಮೇಲೆ ಕಾಗದ ಹರಡಿದ.

"ಕಾಗದಕ್ಕೂ ನಾರಿರುತ್ತೆ," ಎಂದು ಶುರುಮಾಡಿದ. "ಅದು ಹೋದ ಕಡೆಗೇ ಮಡಿಸಿ. ಎದುರು ಹಾಕ್ಕೊಂಡ್ರೆ... ಅತ್ತೆ ಹಾಗೆ, ಇಡೀ ಜನ್ಮ ಮುನಿಸ್ಕೊಂಡೇ ಇರುತ್ತೆ."

ಯಾರೋ ನಕ್ಕರು. ಫ್ಲಾವಿಯೊ ಬೆಚ್ಚಿ ತಲೆಯೆತ್ತಿದ. ಮಾತು ಸೊರಾಯ್ದಾಳದೇ, ಅತ್ತೆ ಅನ್ನುವ ಮುಂಚೆ ಒಂಚೂರು ತಡೆಯುವುದೂ ಅವಳದೇ.

"ನಿನಗ್ಯಾವಾಗ ಕಲಿಸಿದ್ಲಪ್ಪಾ ಇದನ್ನ?"

"ಕಲಿಸ್ಲಿಲ್ಲ. ನಡುವಿನ ಹಲಗೆ ತೆಳ್ಳಗಿತ್ತು."

ಮಾತೇನೋ ಅವನಿಗೆ ಬಾಯಿಪಾಠ. ಆ ಮಾತಾಡುವಾಗ ಅವಳ ಕೈ ಏನು ಮಾಡುತ್ತಿತ್ತೆಂದು ಅವನು ನೋಡಿರಲಿಲ್ಲ. ಮಡಿಕೆ ಸೊಟ್ಟಗಾಯಿತು. ಬಿಡಿಸಿ ಮತ್ತೆ ಮಡಿಸಿದ. ಐವರೂ ಅವನಂತೆಯೇ ಬಿಡಿಸಿ ಮಡಿಸಿದರು.

ದೊಮಿತಿಲಾ ಶಾಲು ತೆಗೆಯದೆ ಮೇಜಿನ ಆ ತುದಿಯಲ್ಲಿ, ಅವನಿಗೆ ಅರ್ಧ ಬೆನ್ನು ಹಾಕಿ ಕುಳಿತಿದ್ದಳು. ಬಹಳ ಹೊತ್ತಾದ ಮೇಲೆ ಕೈಚಾಚಿ ಒಂದು ಹಾಳೆ ಎಳೆದುಕೊಂಡಳು. ಅದನ್ನು ಮಡಿಸಿ, ಅವನ ಕಡೆ ನೋಡದೆ, ಮಡಿಕೆಯುದ್ದಕ್ಕೂ ಅಕ್ಕನಂತೆ ಉಗುರಿನಿಂದ ನಿಧಾನವಾಗಿ ತೀಡತೊಡಗಿದಳು.