ಕೆಳಗಿನ ಅಂಕಣದ ಹೆಂಗಸು

ಕುರ್ಚಿ ಅಲುಗಲಿಲ್ಲ. ಮಗಳು ಇನ್ನೊಮ್ಮೆ ಜಗ್ಗಿದಳು. ವರ್ಷಗಟ್ಟಲೆ ಒಂದೇ ಕಡೆ ಊರಿದ್ದ ಅದರ ಕಾಲುಗಳು ಗಾರೆ ನೆಲದಲ್ಲಿ ಕುಳಿ ಮಾಡಿಕೊಂಡಿದ್ದವು.

"ಎಳೆದ್ರೆ ಬರಲ್ಲ ಕಣೇ, ಎತ್ತು," ಎಂದಳು ಚಿಕ್ಕಮ್ಮ. "ನಮ್ಮಕ್ಕನೂ ಹಾಗೇ. ಎಷ್ಟು ಎಳೆದ್ರೂ ಮನೆ ಬಿಟ್ಟು ಬರ್ಲಿಲ್ಲ. ಇವತ್ತು ನೋಡು, ಎತ್ಕೊಂಡೇ ಹೋಗ್ಬೇಕು." ಅಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಮ್ಮನ ದೇಹವನ್ನು ಮಲಗಿಸಲು ಕಿಟಕಿಯ ಪಕ್ಕ ಜಾಗ ಬೇಕಿತ್ತು. ಅಪ್ಪ ಗೋಡೆಗೊರಗಿ ಕೂತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಬೀದಿಗೆಲ್ಲ ಅವರು ಇನ್ನೂ ಹೆಡ್‌ಕ್ಲರ್ಕ್. ಕಣ್ಣು ಪೂರ್ತಿ ಹೋದ ಮೇಲೆ ಸದ್ದಿನ ಕಡೆಗೇ ಮುಖ ತಿರುಗಿಸುತ್ತಿದ್ದರು.

"ಕುರ್ಚಿ ಯಾರು ಮುಟ್ಟಿದ್ದು?"

"ನಾನಪ್ಪ."

"ಆಮೇಲೆ ಅಲ್ಲೇ ಇಡು."

ಅಷ್ಟರಲ್ಲಿ ಬಾಗಿಲಿಗೆ ಏನೋ ಬಂದು ಬಡಿಯಿತು. ಸುರುಳಿ ಸುತ್ತಿದ ಇಂಗ್ಲಿಷ್ ಪೇಪರು. ದೊಡ್ಡಪ್ಪ ಅದನ್ನೆತ್ತಿಕೊಂಡರು, ಎಲ್ಲಿಡಬೇಕೆಂದು ತಿಳಿಯದೆ ಅದರ ಮೇಲೇ ಕೂತರು.

"ಇನ್ಮೇಲೆ ನಮ್ಮ ಹೆಡ್‌ಕ್ಲರ್ಕಿಗೆ ಪೇಪರ್ ಓದೋರು ಯಾರು?" ಎಂದರು. ಮತ್ತೆ ತಾವೇ, "ಮಗಳಿದ್ದಾಳಲ್ಲ," ಎಂದರು.

"ಅವಳಿಗೆ ನಮ್ಮೂರಲ್ಲಿ ಹೊಲಿಗೆ ಅಂಗಡಿ ಕೆಲಸ ಇದೆ ಭಾವ. ಸಂಜೆ ಬಸ್ಸಿಗೆ ನನ್ನ ಜೊತೆ ಹೊರಡ್ತಾಳೆ," ಎಂದಳು ಚಿಕ್ಕಮ್ಮ.

"ಇವತ್ತೇನಾ? ಏನು, ಬೆಂಕಿ ಬಿದ್ದಿದ್ಯಾ?"

"ಇವತ್ತು ಹೊರಡದಿದ್ರೆ ಇವಳು ಯಾವತ್ತೂ ಹೊರಡಲ್ಲ. ನಂಗೊತ್ತು ಈ ಮನೆ."

"ಹೊಲಿಗೆ ಮಿಷನ್ನು ಇಲ್ಲಿಗೂ ಬರತ್ತಮ್ಮ. ಅದಕ್ಕೇನು ಕಣ್ಣು ಹೋಗಿದ್ಯಾ?"

ಯಾರೋ ನಗಲು ಹೋಗಿ ಕೆಮ್ಮಿದರು. ಮಗಳು ಬಾಗಿಲ ಕಡೆ ನೋಡಿದಳು. ಅವಳ ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಬಂದಾಗ ಇಟ್ಟದ್ದು, ಇನ್ನೂ ಬಿಚ್ಚಿರಲಿಲ್ಲ.

*

ಮದುವೆಯಾದ ಹೊಸದರಲ್ಲಿ, ತಂಗಿಯ ಜೊತೆ ಹೊಲಿಗೆ ಅಂಗಡಿ ಇಡಬೇಕೆಂದು ಅಮ್ಮನಿಗೆ ಆಸೆಯಿತ್ತು. ಅಪ್ಪ ಬೇಡ ಎನ್ನಲಿಲ್ಲ. "ಮೊದಲು ಇಂಗ್ಲಿಷ್ ಬರಲಿ," ಎಂದು ಕಿಟಕಿಯ ಪಕ್ಕ ಕುರ್ಚಿ ಹಾಕಿದರು. ದಿನಕ್ಕೊಂದು ಸಂಪಾದಕೀಯ. ಗೊತ್ತಿಲ್ಲದ ಪದಕ್ಕೆಲ್ಲ ಕೆಂಪು ಪೆನ್ಸಿಲ್ಲಿನ ಸುತ್ತು. ಅವರು ಆಫೀಸಿನಿಂದ ಬಂದ ಮೇಲೆ ಅಷ್ಟನ್ನೂ ವಾಕ್ಯದಲ್ಲಿಟ್ಟು ಒಪ್ಪಿಸಬೇಕು. ಒಪ್ಪಿಸದ ದಿನ ಹೊಸ್ತಿಲು ದಾಟುವಂತಿಲ್ಲ. ಬೈಗುಳವಿಲ್ಲ, ಏಟಿಲ್ಲ. ಎಂಥ ಗಂಡ, ಹೆಂಡತಿಯನ್ನು ಓದಿಸುತ್ತಾನೆ ಎಂದು ನೆರೆಯವರು ಹೊಗಳುತ್ತಿದ್ದರು.

ಪೇಪರಿನಿಂದ ಕಲಿತವರಿಗೆ ಪೇಪರಿನ ಇಂಗ್ಲಿಷೇ ಬರುತ್ತದೆ. ಒಮ್ಮೆ ಅಪ್ಪ ಅವಳನ್ನು ದೊಡ್ಡ ಸಾಹೇಬರ ಮನೆಗೆ ಊಟಕ್ಕೆ ಕರೆದೊಯ್ದರು. ಊಟ ಹೇಗಿತ್ತೆಂದು ಸಾಹೇಬರ ಹೆಂಡತಿ ಇಂಗ್ಲಿಷಿನಲ್ಲಿ ಕೇಳಿದಳು. ಅಮ್ಮ ನೆಟ್ಟಗೆ ಕೂತು ಅದೇ ಭಾಷೆಯಲ್ಲಿ, ಇದು ಅಭೂತಪೂರ್ವ ಪ್ರಮಾಣದ ಊಟವೆಂದೂ, ಈವರೆಗೆ ಯಾವುದೇ ಸಾವುನೋವು ವರದಿಯಾಗಿಲ್ಲವೆಂದೂ ಹೇಳಿದಳು. ಮೇಜಿನ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಪ್ಪ ನಗಲಿಲ್ಲ.

"ಇನ್ನೂ ಸಾಲದು," ಎಂದರು ದಾರಿಯಲ್ಲಿ.

ಆಮೇಲೆ ಎಲ್ಲಿಗೂ ಕರೆದೊಯ್ಯಲಿಲ್ಲ. ಪೆನ್ಸಿಲ್ಲು ಮಾತ್ರ ನಿಲ್ಲಲಿಲ್ಲ.

ಮಗಳ ಶಾಲೆ ಮುಗಿದ ವಾರವೇ, ಅಪ್ಪ ಆಫೀಸಿನಿಂದ ಬರುವಷ್ಟರಲ್ಲಿ, ಅಮ್ಮ ಅವಳನ್ನು ಚಿಕ್ಕಮ್ಮನ ಅಂಗಡಿಗೆ ಕಳಿಸಿಬಿಟ್ಟಳು. "ನೋಡ್ಬೇಕು ಅನ್ಸಿದಾಗ ಬಾ. ಈ ಕುರ್ಚಿ ಮೇಲೆ ಮಾತ್ರ ಕೂರ್ಬೇಡ."

*

ಎಲ್ಲ ಮುಗಿಸಿ ಹಿಂತಿರುಗಿದಾಗ ಹೊತ್ತು ಇಳಿದಿತ್ತು. ಚಿಕ್ಕಮ್ಮ ಗಡಿಯಾರ ನೋಡುತ್ತಿದ್ದಳು.

"ಪೇಪರ್ ಎಲ್ಲಿ?" ಎಂದರು ಅಪ್ಪ.

"ಇವತ್ತೂ ಪೇಪರೇನೋ?" ದೊಡ್ಡಪ್ಪ ಗೊಣಗುತ್ತ ಅದನ್ನು ಮಗಳ ಕೈಗಿಟ್ಟರು.

"ಸಂಪಾದಕೀಯ ಬೇಡ. ಅದರ ಕೆಳಗಿನ ಅಂಕಣ ಓದು ಸಾಕು. ಆ ಹೆಂಗಸಿಂದು."

"ಯಾವ ಹೆಂಗಸಪ್ಪ?"

"ದಿನಾ ಬರತ್ತೆ, ಗೊತ್ತಿಲ್ವಾ? ಮನೆ ಬಿಟ್ಟು ಹೋಗ್ಲಾ ಬೇಡ್ವಾ ಅಂತ ವರ್ಷಗಟ್ಟಲೆ ಯೋಚಿಸ್ತಾನೇ ಇದ್ಲು. ಕೊನೆಗೂ ಹೊಸ್ತಿಲು ದಾಟಿದ್ಲು. ಬಸ್‌ಸ್ಟಾಪಲ್ಲಿ ನಿಂತಿದ್ದಾಳೆ. ಅಲ್ಲಿಗೆ ನಿಮ್ಮಮ್ಮ ಮಲಗಿಬಿಟ್ಲು, ಮುಂದಿಂದು ಓದಲೇ ಇಲ್ಲ." ಅಪ್ಪ ತುಟಿ ಒರೆಸಿಕೊಂಡರು. "ಎಂಥಾ ಭಾಷೆ ಅಂತೀಯ! ಎಷ್ಟೋ ಪದಕ್ಕೆ ನಾನೇ ಅವಳನ್ನ ಅರ್ಥ ಕೇಳ್ಬೇಕಾಗ್ತಿತ್ತು."

ಮಗಳು ಪುಟ ತಿರುವಿದಳು. ಸಂಪಾದಕೀಯದ ಕೆಳಗೆ ಚಪ್ಪಲಿಯ ಜಾಹೀರಾತು. ಮೂಲೆಯ ರಾಶಿಯಿಂದ ಹಳೆಯದೊಂದನ್ನು ಎಳೆದು ನೋಡಿದಳು. ಅಲ್ಲೂ ಜಾಹೀರಾತು. ಇನ್ನೊಂದರಲ್ಲಿ ಹವಾಮಾನ. ಹೆಂಗಸು ಎಲ್ಲೂ ಇರಲಿಲ್ಲ.

ಹೋದ ಸಲ ಬಂದಾಗ ಕಂಡದ್ದು ನೆನಪಾಯಿತು. ಪೇಪರು ಅಮ್ಮನ ತೊಡೆಯ ಮೇಲಿತ್ತು. ಅಮ್ಮ ಕಿಟಕಿಯಾಚೆ ಬೀದಿ ನೋಡುತ್ತ, ತಡವರಿಸದೆ ಓದುತ್ತಿದ್ದಳು. ಇಷ್ಟು ವರ್ಷದ ಅಭ್ಯಾಸ, ಒಂದು ಸಲ ನೋಡಿದರೆ ಬಾಯಿಗೆ ಬರುತ್ತದೇನೋ ಎಂದುಕೊಂಡಿದ್ದಳು ಮಗಳು.

"ಬಸ್ಸಿಗೆ ಹೊತ್ತಾಯ್ತು ಕಣೇ," ಎಂದಳು ಚಿಕ್ಕಮ್ಮ. ತನ್ನ ಚೀಲವನ್ನೂ ಮಗಳ ಚೀಲವನ್ನೂ ಎತ್ತಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದಳು.

ಅಪ್ಪ ಎದ್ದರು. ಗೋಡೆ ಹಿಡಿದು ನಡೆದು ಕುರ್ಚಿಯನ್ನು ಹುಡುಕಿ, ತಾವೇ ಎತ್ತಿ ಕಿಟಕಿಯ ಬಳಿಗೆ ತಂದರು. ಕಾಲ್ಬೆರಳಿನಿಂದ ನೆಲದ ಕುಳಿಗಳನ್ನು ತಡಕಿ ಅದರ ಕಾಲುಗಳನ್ನು ಒಂದೊಂದಾಗಿ ಇಳಿಸಿದರು.

"ಅವಳು ವಾಪಸ್ ಬಂದ್ಲಾ, ಅಷ್ಟು ಓದಿ ಹೋಗು," ಎಂದರು. "ನಿಂತ್ಕೊಂಡು ಬೇಡ. ಕೂತು ಓದು."

ಮಗಳು ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿದಳು. ಅಪ್ಪನ ಕೈ ಖಾಲಿ ಕುರ್ಚಿಯನ್ನು ಸವರುತ್ತಲೇ ಇತ್ತು.

ಅವಳು ಕೂತಳು. ಚಪ್ಪಲಿಯ ಜಾಹೀರಾತನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಬೀದಿಯ ಕಡೆ ನೋಡುತ್ತ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಶುರುಮಾಡಿದಳು. ಬಸ್ಸು ಬಂತು. ಹೆಂಗಸು ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು.

"ಇವತ್ತು ಭಾಷೆ ತೀರಾ ಸುಲಭ," ಎಂದರು ಅಪ್ಪ. "ಇಳಿದು ವಾಪಸ್ ಬಂದ್ಲಾ?"

"ಇಲ್ಲಪ್ಪ. ಬಸ್ಸು ಹೊರಡ್ತು."

"ನಾಳೆ ಬರ್ತಾಳೆ ನೋಡ್ತಿರು," ಎಂದು ಅಪ್ಪ ಅವಳ ಕಾಲ ಬಳಿ ನೆಲದ ಮೇಲೆ ಕೂತರು. "ನಾಳೆ ಬೇಗ ಓದೋಣ."

ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಚಿಕ್ಕಮ್ಮ ಇನ್ನೂ ಸ್ವಲ್ಪ ಹೊತ್ತು ಕಾದಳು. ಮತ್ತೆ ಹಾರ್ನ್. ಅವಳು ಬಗ್ಗಿ, ಕೈಯಲ್ಲಿದ್ದ ಎರಡು ಚೀಲಗಳಲ್ಲಿ ಒಂದನ್ನು ಹೊಸ್ತಿಲ ಒಳಗೆ ಇಟ್ಟಳು.