ಊರು ಸೇರದ ಸೈಕಲ್ಲು

ಸೈಕಲ್ಲನ್ನು ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ, ಸಂಜೆಯೊಳಗೆ ಮಗಳು ತೀರ್ಮಾನಿಸಬೇಕಿತ್ತು. ಎಷ್ಟು ತುಳಿದರೂ ಊರು ಸೇರದ ಸೈಕಲ್ಲು ಅದು; ಎದುರಿಗೊಂದು ಪರದೆ, ಪರದೆಯಲ್ಲಿ ವ್ಯಾಯಾಮದ ಪಾಠ ಹೇಳುವ ಟೀಚರಮ್ಮ. ಹೃದಯದ ಚಿಕಿತ್ಸೆ ಮುಗಿಸಿ ಬಂದ ಅಪ್ಪ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ದಿನಾ ಸ್ವಲ್ಪ ಓಡಾಡಿಸಿ, ಆದರೆ ದಣಿಸಬೇಡಿ ಎಂದಿದ್ದರು ಡಾಕ್ಟರು. ಕನ್ನಡಕದಂಗಡಿಯಲ್ಲಿ ದಿನವಿಡೀ ನಿಂತು ಬರುವವಳಿಗೆ ಓಡಾಡಿಸಲು ಪುರುಸೊತ್ತೆಲ್ಲಿ? ಹಿಡಿಸದಿದ್ದರೆ ಹಿಂದಿರುಗಿಸುವ ಕರಾರಿನ ಮೇಲೆ ಸೈಕಲ್ಲು ತರಿಸಿದಳು.

"ನೋಡ್ತಿರು ಅಕ್ಕಾ, ಅದರ ಮೇಲೆ ಟವೆಲ್ ಒಣಗ್ತಿರುತ್ತೆ," ಎಂದು ತಮ್ಮ ಫೋನಿನಲ್ಲಿ ನಕ್ಕಿದ್ದ. ಅಪ್ಪ ಅವನ ಮಾತು ಸುಳ್ಳು ಮಾಡಿದರು. ಹೇಳಿಸಿಕೊಳ್ಳದೆ ದಿನಾ ಹತ್ತಿ ಕೂರುತ್ತಿದ್ದರು. ಆದರೂ ಅವಳ ಜೀವಕ್ಕೆ ನೆಮ್ಮದಿಯಿಲ್ಲ. ಕರಾರಿನ ಕೊನೆಯ ದಿನ ರಜೆ ಹಾಕಿ ಮನೆಯಲ್ಲಿದ್ದವಳು ಒಲೆಯ ಮೇಲೆ ಹಾಲಿಟ್ಟು ಕಿಟಕಿಗೆ ಬಂದಳು, ಕಿಟಕಿಯಿಂದ ಮತ್ತೆ ಒಲೆಗೆ. ನಡುಮನೆಯಲ್ಲಿ ಪಾಠದ ಗದ್ದಲ ಅಡಗಿತ್ತು. ಪೆಡಲಿನ ಸದ್ದು ಮಾತ್ರ ನಿಂತಿರಲಿಲ್ಲ.

ಓಡಿ ಬಂದು ನೋಡಿದರೆ, ಟೀಚರಮ್ಮ ಕೈ ಎತ್ತಿದವಳು ಎತ್ತಿದಂತೆಯೇ ಪರದೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಅಪ್ಪನ ಅಂಗಿ ತೊಯ್ದು ತೊಪ್ಪೆಯಾಗಿತ್ತು, ತುಟಿ ಬಿಳಿಚಿತ್ತು. ಇನ್ನೂ ತುಳಿಯುತ್ತಿದ್ದರು.

"ಅಪ್ಪಾ, ಸಾಕು!"

ಇಳಿಸಿ ಮಲಗಿಸಿ, ಡಾಕ್ಟರಿಗೆ ಫೋನು ಮಾಡಿದಳು. ಅವರು ಹೇಳಿದ ಮಾತ್ರೆ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ಹೋದ ಜೀವ ಬಂದಂತಾಯಿತು ಅವಳಿಗೆ. ಹಿಂದೆಯೇ ಸಿಟ್ಟೂ ಬಂತು.

"ಪಾಠ ನಿಂತು ಎಷ್ಟೊತ್ತಾಯ್ತು! ನೀವ್ಯಾಕೆ ನಿಲ್ಲಿಸಲಿಲ್ಲ?"

"ಅವಳು ಕೈ ಇಳಿಸಲೇ ಇಲ್ವಲ್ಲ."

ಬಂದರಿನಲ್ಲಿ ಕ್ರೇನು ನಡೆಸಿಯೇ ಮುದುಕರಾದವರು ಅವರು. ಮೇಲೆ ಕೂತವನಿಗೆ ಕೆಳಗೆ ನಿಂತು ಸನ್ನೆ ಮಾಡುವವನ ಕೈಯೇ ಕಣ್ಣು. ಆ ಕೈ ಹೇಳದೆ ಹೊರೆ ಎತ್ತುವಂತಿಲ್ಲ, ನಿಲ್ಲಿಸುವಂತಿಲ್ಲ. ಮನಸ್ಸಿಗೆ ಬಂದಂತೆ ಮಾಡಿದರೆ ಕೆಳಗೆ ಹೆಣ ಬೀಳುತ್ತದೆ.

"ಅದು ಬರೀ ಚಿತ್ರ ಅಪ್ಪಾ, ಅಲ್ಲೇ ಸಿಕ್ಕಿಕೊಂಡಿತ್ತು. ಅವಳಿಗೆ ನೀವು ಕಾಣಿಸೋದೇ ಇಲ್ಲ."

"ಕಾಣಿಸಲ್ವಾ?" ಅಪ್ಪನ ಮುಖ ಸಪ್ಪಗಾಯಿತು. "ಮತ್ತೆ ದಿನಾ ಶಾಭಾಷ್ ಅಂತಿದ್ದಳಲ್ಲ?"

ತಾನು ತರಿಸಿದ್ದು ಅಪ್ಪನಿಗೆ ಸೈಕಲ್ಲನ್ನಲ್ಲ, ತನ್ನ ಬದಲಿಗೆ ಒಬ್ಬಳನ್ನು ಎಂದು ಮಗಳಿಗೆ ನಾಚಿಕೆಯಾಯಿತು. ಸೈಕಲ್ಲಿನ ಅಂಗಡಿಗೆ ಫೋನು ಮಾಡಿದಳು.

"ಗಾಡಿ ತಗೊಂಡು ಹೋಗಿ."

"ಏನು ತೊಂದರೆ ಇದೆ ಮೇಡಂ?"

"ಗಾಡಿ ಚೆನ್ನಾಗೇ ಇದೆ," ಎಂದಳು. "ನಮ್ಮಪ್ಪನ್ನ ನೋಡೋರು ಬೇಕಿತ್ತು."