ಹಿಡಿಯಕ್ಕಿಯ ರುಜು

ಮುಗ್ಗಿದ ಅಕ್ಕಿಯ ವಾಸನೆ ಮೂಗಿಗೆ ಬಂದರೆ ಕೌಸಲ್ಯೆ ಈಗಲೂ ಕೈಲಿದ್ದುದನ್ನು ಬಿಟ್ಟು ಹಿಂದೆ ಸರಿಯುತ್ತಿದ್ದಳು. ಇನ್‌ಫ್ಲುಯೆಂಜಾ ಬಂದ ವರ್ಷ ಅವಳಿಗೆ ಆರು ತುಂಬಿತ್ತು. ಬೆಂಗಳೂರಿನ ಅವರ ಬೀದಿಯಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿದ್ದವು, ಅಂಗಡಿಗಳಲ್ಲಿ ಅಕ್ಕಿ ಇರಲಿಲ್ಲ. ಮೇಷ್ಟರಾಗಿದ್ದ ಅಪ್ಪ ಗುರುತು ಸಿಗಬಾರದೆಂದು ತಲೆಗೆ ವಸ್ತ್ರ ಸುತ್ತಿಕೊಂಡು ಧರ್ಮದ ಸಾಲಿನಲ್ಲಿ ನಿಂತು, ಗೋಣಿನಾರು ಬೆರೆತ ಹಳದಿ ಅಕ್ಕಿ ತಂದಿದ್ದರು. ಅಮ್ಮ ಎಷ್ಟು ನೀರಲ್ಲಿ ತೊಳೆದರೂ ವಾಸನೆ ಹೋಗಲಿಲ್ಲ. ಆ ಅನ್ನ ಉಂಡೇ ಕೌಸಲ್ಯೆ ಉಳಿದಳು. ತೊಟ್ಟಿಲಲ್ಲಿದ್ದ ತಮ್ಮ ಉಳಿಯಲಿಲ್ಲ. ಅಂದಿನಿಂದ ಆ ವಾಸನೆಗೂ ಭಯಕ್ಕೂ ಗಂಟು ಬಿದ್ದುಹೋಗಿತ್ತು.

ಈಗ ಅದೇ ವಾಸನೆ ಮಾಟುಂಗದಲ್ಲಿ, ಅವಳ ಅಡಿಗೆಮನೆಯಲ್ಲೇ ಇತ್ತು. ಒರಳುಕಲ್ಲಿನ ಹಿಂದೆ, ಹಳೇ ಸೀರೆ ಹೊದಿಸಿದ ಎರಡು ಚೀಲಗಳಲ್ಲಿ.

ಐವತ್ತನೇ ಇಸವಿ ಅದು. ಸ್ವಾತಂತ್ರ್ಯ ದಿನದ ರಾತ್ರಿ ಅಸ್ಸಾಮಿನಲ್ಲಿ ಭೂಮಿ ನಡುಗಿ, ಗುಡ್ಡಗಳು ಜಾರಿ ನದಿಗಳಿಗೆ ಅಡ್ಡ ಬಿದ್ದು, ಕಟ್ಟೆ ಒಡೆದ ನೀರು ಊರೂರುಗಳನ್ನು ಹೊತ್ತುಕೊಂಡು ಹೋಗಿತ್ತು. ಪತ್ರಿಕೆಯಲ್ಲಿ ಒಂದು ಚಿತ್ರ ಬಂದಿತ್ತು: ಮಾಡಿನ ಮೇಲೆ ಕೂತ ಹೆಂಗಸು, ಮಡಿಲಲ್ಲಿ ಕೂಸು. ಕೌಸಲ್ಯೆಗೆ ಆ ಚಿತ್ರವನ್ನು ಮಡಿಸಿಡಲೂ ಆಗಲಿಲ್ಲ, ನೋಡಲೂ ಆಗಲಿಲ್ಲ. ನಿವೃತ್ತ ಟೀಚರು ಸುಮಿತ್ರಾಬಾಯಿಯವರ ಮನೆಯಲ್ಲಿ ಸೇರುತ್ತಿದ್ದ ಮಹಿಳಾ ಸಮಾಜದಲ್ಲಿ ಅವಳೇ ಮಾತೆತ್ತಿದಳು. ಸರ್ಕಾರ ಕೈಕಟ್ಟಿ ಕೂತಿಲ್ಲ, ನಿಜ. ಆದರೆ ಸಾಲದು. ಇನ್ನಷ್ಟು ದೋಣಿ ಬೇಕು, ವಿಮಾನದಿಂದ ಇನ್ನಷ್ಟು ಅಕ್ಕಿ ಹಾಕಬೇಕು. ಬೊಂಬಾಯಿ ಬಂದರಿನಲ್ಲಿ ಇಳಿಯುವ ಧಾನ್ಯದಲ್ಲಿ ಒಂದು ಪಾಲು ಮೊದಲು ಅಲ್ಲಿಗೆ ಹೋಗಲಿ. ನಮ್ಮ ರೇಷನ್ನಿನಲ್ಲಿ ಒಂದು ಹಿಡಿ ಕಡಿಮೆಯಾದರೂ ನಾವು ತಾಳಿಕೊಳ್ಳುತ್ತೇವೆ. ಇಷ್ಟನ್ನು ಅರ್ಜಿಯಾಗಿ ಬರೆದು, ಹೆಂಗಸರ ರುಜು ಹಾಕಿಸಿ, ಫೋರ್ಟಿನ ಸೆಕ್ರೆಟೇರಿಯಟ್ಟಿಗೆ ಒಯ್ಯುವುದೆಂದು ಆಯಿತು.

ಕಟ್ಟಡದ ಮನೆಗಳಲ್ಲಿ ರುಜು ಸಿಕ್ಕಿತು. ಚಾಳಿನಲ್ಲಿ ಸಿಗಲಿಲ್ಲ. ಅಲ್ಲಿ ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡುವವರ ಸಂಸಾರಗಳು. ದೋಸೆಹಿಟ್ಟು ರುಬ್ಬಿಕೊಡಲು ಮನೆಗೆ ಬರುತ್ತಿದ್ದ ಅಕ್ಕು, ಶಾಯಿಯ ಮೆತ್ತೆ ಕಂಡೊಡನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

"ಹೆಬ್ಬೆಟ್ಟು ಮಾತ್ರ ಒತ್ತುದಿಲ್ಲ ಅಮ್ಮ. ನಮ್ಮಪ್ಪ ಒಂದ್ಸಲ ಒತ್ತಿದ್ರು. ಮರುವರ್ಷ ಗದ್ದೆಯಲ್ಲಿ ಬೇರೆಯವರ ಕೋಣ."

"ಇದು ಆ ಥರದ ಕಾಗದ ಅಲ್ಲ ಅಕ್ಕು."

"ಅಪ್ಪನಿಗೂ ಹಾಗೇ ಹೇಳಿದ್ದಂತೆ."

ಮರುದಿನ ಅವಳೇ ಚಿಂದಿಯಲ್ಲಿ ಕಟ್ಟಿದ ಒಂದು ಹಿಡಿ ಅಕ್ಕಿ ತಂದು ಕೌಸಲ್ಯೆಯ ಕೈಗಿಟ್ಟಳು. "ಒಂದು ಹಿಡಿ ಬಿಡ್ತೇವೆ ಅಂತ ಬರ್ದಿದ್ದೀರಲ್ಲ, ಇಗೊಳ್ಳಿ ಬಿಟ್ಟೆ. ಇದೇ ನನ್ನ ರುಜು." ಮಾತು ಚಾಳಿನಲ್ಲಿ ಹಬ್ಬಿತು. ಶೀಲಾವತಿ ತಂದಳು, ಸೇವಂತಿ ತಂದಳು, ಹೆಸರು ಗೊತ್ತಿಲ್ಲದವರೂ ತಂದು ಬಾಗಿಲಲ್ಲಿಟ್ಟು ಹೋದರು. ಸೀರೆಯ ಅಂಚು, ಲಂಗದ ತುಂಡು, ಕೈವಸ್ತ್ರ, ಒಂದೊಂದು ಗಂಟೂ ಒಂದೊಂದು ಬಣ್ಣ. ಸುಮಿತ್ರಾಬಾಯಿ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದರು: ರುಜು ಹಾಕಲಾರದ ಸೋದರಿಯರ ಒಪ್ಪಿಗೆ ಇದರೊಂದಿಗಿರುವ ಗಂಟುಗಳಲ್ಲಿದೆ.

ರೇಷನ್ ಕಾರ್ಡಿಗೆ ಮೀರಿದ ಅಕ್ಕಿ ಯಾರ ಮನೆಯಲ್ಲಿದ್ದರೂ ಅಪರಾಧ ಎಂಬುದು ಬೊಂಬಾಯಿಯಲ್ಲಿ ಮಕ್ಕಳಿಗೂ ಗೊತ್ತಿತ್ತು. ಆದರೆ ಹಿಡಿಯಾಗಿ ಬಂದದ್ದನ್ನು ಕೌಸಲ್ಯೆ ಹಿಡಿ ಎಂದೇ ಕಂಡಿದ್ದಳು, ಚೀಲ ಎಂದು ಕಂಡಿರಲಿಲ್ಲ. ಕಂಡದ್ದು ಅವಳ ಗಂಡ. ಅರ್ಜಿ ಒಯ್ಯಬೇಕಾದ ದಿನವೇ, ಬೆಳಿಗ್ಗೆ ಕಾಫಿಪುಡಿ ಹುಡುಕುತ್ತ ಅವರು ಆ ಹಳೇ ಸೀರೆ ಸರಿಸಿದರು. ವೆಂಕಟಸುಬ್ಬಯ್ಯನವರು ರೇಷನ್ ಕಚೇರಿಯಲ್ಲಿ ಗುಮಾಸ್ತರು.

"ಯಾರದು ಇದು?"

"ಎಲ್ಲರದೂ." ಅವಳು ಎಲ್ಲವನ್ನೂ ಹೇಳಿದಳು.

ಅವರು ದನಿ ಏರಿಸಲಿಲ್ಲ. ಕಿಟಕಿ ಮುಚ್ಚಿ ಬಂದು ಮಣೆಯ ಮೇಲೆ ಕೂತರು. "ಹೋದ ತಿಂಗಳು ದಾದರಿನಲ್ಲಿ ಒಬ್ಬ ಮುದುಕಿ ಮನೇಲಿ ಇದರ ಕಾಲುಭಾಗ ಸಿಕ್ತು. ಪಂಚನಾಮೆ ಬರೆದೋನು ನಾನು. ಆ ಮುದುಕಿ ನನ್ನ ಕಾಲು ಹಿಡಕೊಂಡಳು ಕೌಸಲ್ಯಾ."

"ಇವತ್ತು ಸೆಕ್ರೆಟರಿ ಸಾಹೇಬರು ಬರೋಕೆ ಹೇಳಿದ್ದಾರೆ. ಇದೊಂದು ದಿನ."

"ರೇಷನ್ ಗುಮಾಸ್ತನ ಮನೇಲೇ ಎರಡು ಚೀಲ. ಕೆಲಸ ಹೋಗೋದಷ್ಟೇ ಅಲ್ಲ, ನನ್ನನ್ನ ಒಳಗೆ ಹಾಕ್ತಾರೆ." ಅವರು ಮಣೆಯಿಂದ ಎದ್ದರು. "ಒಯ್ಯೋದಾದರೆ ಒಯ್ದುಬಿಡು. ಸಿಕ್ಕಿಬಿದ್ದರೆ ನನ್ನ ಹೆಸರೊಂದು ಎತ್ತಬೇಡ."

ಹಾಗೆಂದು ಕೊಡೆ ತೆಗೆದುಕೊಂಡು ಹೊರಟುಹೋದರು.

ಮಂಡಿನೋವಿನ ಸುಮಿತ್ರಾಬಾಯಿ ಸ್ಟೇಷನ್ನಿನ ಮೆಟ್ಟಿಲು ಹತ್ತಲಾರದೆ ಅರ್ಜಿಯ ಕಾಗದ ಹಿಡಿದು ಬಸ್ಸಿನಲ್ಲಿ ಮುಂದೆ ಹೋದರು. ಚೀಲಗಳನ್ನು ಕೌಸಲ್ಯೆಯೂ ಅಕ್ಕುವೂ ಹೊತ್ತು ಲೋಕಲ್ ರೈಲು ಹತ್ತಿದರು. ಕೌಸಲ್ಯೆಗೆ ಬೋಗಿಯ ತುಂಬ ಆ ವಾಸನೆಯೇ ಹರಡಿದಂತೆ ಅನಿಸಿತು. ಪರೇಲಿನಲ್ಲಿ ಇಬ್ಬರು ಪೋಲೀಸರು ಪ್ಲಾಟ್‌ಫಾರ್ಮಿನ ಮೇಲೆ ಕಿಟಕಿಗಳೊಳಗೆ ಇಣುಕುತ್ತ ಬಂದಾಗ ಅವಳು ಸೆರಗನ್ನು ಚೀಲದ ಮೇಲೆ ಎಳೆದುಕೊಂಡಳು. ಎದುರಿಗಿದ್ದ ಮೀನು ಮಾರುವ ಹೆಂಗಸು ಚೀಲವನ್ನೊಮ್ಮೆ ನೋಡಿದಳು, ಕೌಸಲ್ಯೆಯ ಮುಖವನ್ನೊಮ್ಮೆ ನೋಡಿದಳು. ತನ್ನ ಬುಟ್ಟಿಯನ್ನು ಕಾಲಲ್ಲಿ ತಳ್ಳಿ ಚೀಲಗಳ ಮುಂದಿಟ್ಟು, ಕಿಟಕಿಯಾಚೆ ನೋಡುತ್ತ ಎಲೆಯಡಿಕೆ ಜಗಿಯತೊಡಗಿದಳು.

ಆ ಪುಣ್ಯ ಬೋರಿಬಂದರ್ ಸ್ಟೇಷನ್ನಿನ ಗೇಟಿನವರೆಗೆ ನಡೆಯಿತು. ಅಲ್ಲಿ ಒಬ್ಬ ಎಳೆಯ ಕಾನ್ಸ್‌ಟೇಬಲ್ ಅಕ್ಕುವಿನ ಚೀಲವನ್ನು ಲಾಠಿಯಿಂದ ಮುಟ್ಟಿದ.

"ಬಾಯೀ, ಪಿಶವಿ ಉಘಡಾ."

ಚೀಲ ಬಿಚ್ಚಿದರೆ ಬಣ್ಣಬಣ್ಣದ ಗಂಟುಗಳು. ಅವನೊಂದು ಬಿಚ್ಚಿದ, ಅಕ್ಕಿ. ಇನ್ನೊಂದು ಬಿಚ್ಚಿದ, ಅದೂ ಅಕ್ಕಿ. ಜನ ನಿಂತು ನೋಡತೊಡಗಿದರು. ಯಾರೋ "ಕಾಳಾಬಜಾರ್" ಎಂದರು. ಕೌಸಲ್ಯೆಯೂ ಅಕ್ಕುವೂ ಅವನ ಹಿಂದೆ ಪೋಲೀಸು ಚೌಕಿಯೊಳಕ್ಕೆ ಹೋದರು.

ಒಳಗಿದ್ದ ಇನ್ಸ್‌ಪೆಕ್ಟರು ನರೆತ ಮೀಸೆಯವರು. ಹೆಂಗಸರಿಬ್ಬರೂ ಕನ್ನಡದಲ್ಲಿ ಪಿಸುಗುಟ್ಟಿದ ಮಾತು ಕೇಳಿ ತಲೆಯೆತ್ತಿದರು. "ಕನ್ನಡದವ್ರೇನ್ರಿ? ನಾ ಬೆಳಗಾಂವಿ ಕಡೆಯಾಂವ, ಮುರಿಗೆಪ್ಪ. ಕೂಡ್ರಿ. ಏಯ್, ತಾಯಂದ್ರಿಗೆ ಕೂಡ್ರಾಕ ಬಾಕು ಸರಿಸು." ಲೇಖನಿ ತೆಗೆದರು. "ಹೆಸರು?"

"ಕೌಸಲ್ಯಾ."

"ಯಜಮಾನ್ರ ಹೆಸರು?"

ಕೌಸಲ್ಯೆ ತಲೆ ತಗ್ಗಿಸಿದಳು. ಗಂಡನ ಹೆಸರು ಹೇಳದಿರುವುದು ದಾಸ್ಯ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಬಹುಮಾನ ಗೆದ್ದವಳು ಅವಳು. ಇವತ್ತು ಆ ಹಳೇ ಪದ್ಧತಿಯ ಹಿಂದೆ ಅಡಗಿ ಕೂತಳು. ಅಕ್ಕುವೇ ಸಹಾಯಕ್ಕೆ ಬಂದಳು.

"ಗಂಡನ ಹೆಸ್ರು ಹೇಳುಕಾಗುದಿಲ್ಲ ಸಾಹೇಬ್ರೆ. ಆಯುಸ್ಸು ಕಮ್ಮಿ ಆಗ್ತದೆ."

ಇನ್ಸ್‌ಪೆಕ್ಟರು ನಕ್ಕರು. "ಹಂಗಾರ ಪದದಾಗ ಸೇರ್ಸಿ, ಒಡಪು ಹಾಕಿ ಹೇಳ್ರಿ. ನಮ್ಮನ್ಯಾಕಿ ಲಗ್ನದಾಗ ನನ್ನ ಹೆಸರಿಗೆ ರೊಟ್ಟಿ ಮುಟಿಗಿ ಸೇರ್ಸಿ ಒಂದು ಒಡಪು ಕಟ್ಟಿದ್ಲು, ಮಂದಿ ಇನ್ನೂ ನಗತಾರ." ಕೌಸಲ್ಯೆ ನಗಲಿಲ್ಲ. ಅವರು ಅವಳ ಮುಖವನ್ನು ನೋಡಿದರು. ಲೇಖನಿ ಕೆಳಗಿಟ್ಟು ದನಿ ತಗ್ಗಿಸಿದರು. "ಇಲ್ನೋಡ್ರಿ ತಾಯಿ. ನೀವು ಕಾಳಸಂತಿ ಮಂದಿ ಅಲ್ಲ, ಮಾರಿ ನೋಡಿದ್ರ ತಿಳೀತೈತಿ. ಈ ಚೀಲ ನಮ್ಮವಲ್ಲ, ಪ್ಲಾಟ್‌ಫಾರ್ಮಿನಾಗ ಬಿದ್ದಿದ್ವು ಅನ್ರಿ. ಬೇವಾರ್ಸಿ ಮಾಲು ಅಂತ ಬರದು ಗೋದಾಮಿಗೆ ಕಳಿಸ್ತೀನಿ. ನೀವು ಮನಿಗೆ ಹೋಗ್ರಿ."

ಬಾಗಿಲು ತೆರೆದೇ ಇತ್ತು. ಆಚೆ ಟ್ರ್ಯಾಮಿನ ಗಂಟೆ ಕೇಳುತ್ತಿತ್ತು. ಒಂದೇ ಒಂದು ಮಾತು ಅಂದರೆ ಸಾಕು, ಮನೆ ಉಳಿಯುತ್ತದೆ, ಯಜಮಾನರು ಉಳಿಯುತ್ತಾರೆ. ಮುದುಕಿಯೊಬ್ಬಳು ಅವರ ಕಾಲು ಹಿಡಿದಂತೆ ಅವರು ಯಾರ ಕಾಲನ್ನೋ ಹಿಡಿಯುವ ಚಿತ್ರ ಅವಳ ಕಣ್ಣಿಗೆ ಕಟ್ಟಿತು.

"ನಮ್ದಲ್ಲ ಅಂತ ಹೇಳಿ ಅಮ್ಮ," ಅಕ್ಕು ಪಿಸುಗುಟ್ಟಿದಳು. "ಹಿಡಿ ಅಕ್ಕಿ, ಹೋದ್ರೆ ಹೋಯ್ತು." ಹಾಗೆನ್ನುತ್ತಲೇ ಬಗ್ಗಿ, ಕಾನ್ಸ್‌ಟೇಬಲ್ ಬಿಚ್ಚಿ ಬಿಸುಟಿದ್ದ ಒಂದು ಗಂಟಿನ ಕಾಳುಗಳನ್ನು ನೆಲದಿಂದ ಒಂದೊಂದಾಗಿ ಆರಿಸಿ, ಧೂಳು ಊದಿ, ಮತ್ತೆ ಗಂಟು ಹಾಕತೊಡಗಿದಳು. ಅದು ಅವಳ ಗಂಟೂ ಅಲ್ಲ.

"ನಮ್ಮದೇ," ಎಂದಳು ಕೌಸಲ್ಯೆ. "ಇದು ಅಕ್ಕಿ ಅಲ್ಲ ಸಾಹೇಬರೆ, ಅರ್ಜಿ. ಅಸ್ಸಾಮಿನವರಿಗಾಗಿ. ರುಜು ಹಾಕಕ್ಕೆ ಬರದವರದ್ದು. ಇದು ಬೇವಾರ್ಸಿ ಆಗಬಾರದು." ಅರ್ಜಿಯ ಕಥೆಯನ್ನೆಲ್ಲ ಹೇಳಿ ಮುಗಿಸಿದಳು. ನಮ್ಮದೇ ಎಂದ ಮೇಲೆ ಹೆಸರನ್ನೂ ಮುಚ್ಚಿಡುವಂತಿರಲಿಲ್ಲ. "ನಮ್ಮ ಯಜಮಾನರ ಹೆಸರು ವೆಂಕಟಸುಬ್ಬಯ್ಯ. ರೇಷನ್ ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಏನೂ ಗೊತ್ತಿಲ್ಲ."

ಮುರಿಗೆಪ್ಪನವರ ನಗು ಇಳಿದುಹೋಯಿತು. "ಹೇಳಬಾರದಿತ್ರಿ ತಾಯಿ. ಈಗ ನಾ ಕೇಳಿಲ್ಲ ಅನ್ನಾಕ ಬರೂದಿಲ್ಲ." ಅವರು ರೇಷನ್ ಕಚೇರಿಗೆಂದು ಫೋನು ಎತ್ತಿದರು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ಹಿಡಿದು ತಂದ ಆ ಎಳೆಯ ಕಾನ್ಸ್‌ಟೇಬಲ್ಲೇ ಎರಡು ಲೋಟ ನೀರು ತಂದಿಟ್ಟ, ಕಣ್ಣೆತ್ತಿ ನೋಡದೆ. ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ಕೌಸಲ್ಯೆ ತಲೆಯೆತ್ತಿ ನೋಡಿದಳು. ಕೊನೆಗೆ ಬಂದದ್ದು ಅವಳ ಯಜಮಾನರೇ. ಕೊಡೆಯಿಂದ ನೀರಿಳಿಯುತ್ತಿತ್ತು, ಹೆಗಲಲ್ಲಿ ಕೈಚೀಲ. ಅವರು ಅವಳ ಕಡೆ ನೋಡಲಿಲ್ಲ. ಮೇಜಿನ ಮುಂದೆ ನೆಟ್ಟಗೆ ನಿಂತರು.

"ನಿಮಗ ಗೊತ್ತಿರಲಿಲ್ಲಂತ, ಖರೇ ಏನ್ರಿ?"

ವೆಂಕಟಸುಬ್ಬಯ್ಯನವರು ಚೀಲಗಳನ್ನು ನೋಡಿದರು. ಅಕ್ಕುವಿನ ಮಡಿಲಲ್ಲಿದ್ದ ಗಂಟನ್ನು ನೋಡಿದರು.

"ಗೊತ್ತಿತ್ತು. ಬೆಳಿಗ್ಗೆ ನೋಡಿದೆ. ನೋಡಿಯೂ ಕಚೇರಿಗೆ ತಿಳಿಸಲಿಲ್ಲ. ಹಾಗೇ ಬರೆದುಕೊಳ್ಳಿ."

ಕೌಸಲ್ಯೆ ಎದ್ದು ನಿಂತುಬಿಟ್ಟಳು. ಇನ್ಸ್‌ಪೆಕ್ಟರು ಲೇಖನಿ ಎತ್ತಿದರು. ಬರೆದರು. ಬರೆದು ಮುಗಿಸಿ ಕಾನ್ಸ್‌ಟೇಬಲ್ಲಿಗೆ ಹೇಳಿದರು: "ಮಾಲು ಜಪ್ತಿ ಆಗೇತಿ. ಆದ್ರ ಇದು ಸರ್ಕಾರಕ್ಕ ಕೊಟ್ಟ ಅರ್ಜಿ ಅಂತಾರ. ಜಪ್ತಿ ಮಾಡಿದ ಅರ್ಜಿ ಎಲ್ಲಿ ಇಡಬೇಕು ನನಗ ಗೊತ್ತಿಲ್ಲ. ಸೆಕ್ರೆಟೇರಿಯಟ್ಟಿಗೆ ಒಯ್ದು, ಸಾಹೇಬ್ರ ಮೇಜಿನ ಮ್ಯಾಲೆ ಇಟ್ಟು, ಕೇಳ್ಕೊಂಡು ಬಾ. ಅಲ್ಲಿ ಒಬ್ಬ ಟೀಚರಮ್ಮ ಕಾಗದ ಹಿಡ್ಕೊಂಡು ಕೂತಿರತಾರ." ಇದನ್ನೇ ಮತ್ತೆ ಅವನಿಗೆ ಮರಾಠಿಯಲ್ಲಿ ತಿಳಿಸಿದರು.

"ನಾನೂ ಹೋಗ್ತೇನೆ," ಅಕ್ಕು ಎದ್ದಳು. "ಗಂಟಿನದ್ದು ಕೇಳಿದ್ರೆ ಇವನಿಗೆಂತ ಗೊತ್ತುಂಟು ಹೇಳುಕೆ?" ಒಂದು ಚೀಲ ಅವನು, ಒಂದು ಚೀಲ ಅವಳು ಹೊತ್ತುಕೊಂಡು ಮಳೆಯಲ್ಲಿ ಇಳಿದರು.

ಹೇಳಿಕೆಯ ನಕಲು ಆಗುವವರೆಗೆ ಕಾಯಬೇಕೆಂದು ಇನ್ಸ್‌ಪೆಕ್ಟರು ಪಕ್ಕದ ಕೋಣೆಗೆ ಹೋದರು. ಬೆಂಚಿನ ಮೇಲೆ ಗಂಡಹೆಂಡಿರಿಬ್ಬರೇ ಉಳಿದರು.

"ನಿಮ್ಮ ಹೆಸರು ಹೇಳಿಬಿಟ್ಟೆ," ಎಂದಳು ಕೌಸಲ್ಯೆ.

"ಫೋನಿನಲ್ಲಿ ಅವರು ವೆಂಕಪ್ಪ ಅಂದರು, ಬೇಕೆಂದೇ ಇರಬೇಕು. ಅಂಥವರು ಇಲ್ಲಿ ಇಲ್ಲ ಅಂತ ನಮ್ಮ ಹೆಡ್ ಕ್ಲರ್ಕು ಫೋನು ಇಡೋದರಲ್ಲಿದ್ದ. ಪೋಲೀಸ್ ಚೌಕಿ ಅಂದದ್ದು ಕಿವಿಗೆ ಬಿತ್ತು, ನಾನೇ ಹೋಗಿ ಹೆಸರು ಸರಿಮಾಡಿದೆ."

"ನಾಳೆ?"

"ದೊಡ್ಡ ಸಾಹೇಬರು ಕರೀತಾರೆ. ಏನು ಮಾಡ್ತಾರೋ ಗೊತ್ತಿಲ್ಲ. ನನಗೂ ಭಯವಾಗ್ತಿದೆ ಕಣೇ."

ವೆಂಕಟಸುಬ್ಬಯ್ಯನವರು ಕೈಚೀಲ ತಡಕಿ ಮಧ್ಯಾಹ್ನದ ತಮ್ಮ ಊಟದ ಡಬ್ಬಿ ತೆಗೆದರು. ಅದನ್ನವರು ಮುಟ್ಟಿರಲಿಲ್ಲ. ಪಂಚೆಯ ಅಂಚಿನಿಂದ ಒದ್ದೆ ಒರೆಸಿ, ಬಿಗಿಯಾಗಿದ್ದ ಮುಚ್ಚಳವನ್ನು ಕಷ್ಟಪಟ್ಟು ಬಿಚ್ಚಿ, ಅವಳ ಕೈಗಿಟ್ಟರು.